ಹತ್ತುವ ಮುಂಚೆ ಇಳಿಯುವ ದಾರಿ ನೋಡಿ

ಹಂಪಿ, ಬಾದಾಮಿ ಕಡೆಯ ಬಂಡೆಗಳ ಬಗ್ಗೆ ಏನಾದರೂ ಕೇಳೋದಿದ್ದರೆ ಬರೆಯಿರಿ ಅಂತ ಹಿಂದಿನ ಸಂಚಿಕೆಯಲ್ಲಿ ಹೇಳಿದ್ದೆವು. ಪತ್ರಗಳು ಚೆನ್ನಾಗಿಯೇ ಬಂದಿವೆ. ಕೆಲವರಿಗೆ ಭಯ, ಕೆಲವರಿಗೆ ಆಸೆ, ಒಬ್ಬರಿಗೆ ಸಿಟ್ಟು. ನಾನು ಕಮಲಾಪುರದಲ್ಲಿ ಹುಟ್ಟಿ ಬೆಳೆದವಳು. ಈಗ ತುಂಗಭದ್ರೆಯ ಆಚೆ ದಡದಲ್ಲಿ ಮಕ್ಕಳಿಗೆ ಬಂಡೆ ಹತ್ತೋದು ಕಲಿಸುತ್ತೇನೆ. ಉತ್ತರದಲ್ಲಿ ಅಲ್ಲಲ್ಲಿ ಟೀಚರ್ ಗದರಿಕೆ ಕೇಳಿಸಿದರೆ ಸ್ವಲ್ಪ ಸಹಿಸಿಕೊಳ್ಳಿ.

ಪ್ರಶ್ನೆ: ನನ್ನ ಮಗನಿಗೆ 19 ವರ್ಷ. ಸ್ನೇಹಿತರ ಜೊತೆ ಹಂಪಿಗೆ ಹೋಗಿದ್ದ. ದೊಡ್ಡ ಗುಂಡಿನ ತುದಿಯಲ್ಲಿ ನಿಂತು ಫೋಟೊ ತೆಗೆಸಿಕೊಂಡಿದ್ದಾನೆ. ನೋಡಿ ನನ್ನ ಎದೆ ಝಲ್ ಅಂತು. "ಎಲ್ಲರೂ ಹತ್ತುತ್ತಾರಮ್ಮಾ, ಏನೂ ಆಗಲ್ಲ" ಅಂತಾನೆ. ಮುಂದಿನ ತಿಂಗಳು ಮತ್ತೆ ಹೊರಟಿದ್ದಾನೆ. ಬೇಡ ಅನ್ನಲಾ?
— ಒಬ್ಬ ತಾಯಿ, ದಾವಣಗೆರೆ

ಉತ್ತರ: ಬೇಡ ಅಂದರೆ ಕೇಳುವ ವಯಸ್ಸಲ್ಲ ಅದು. ನಿಮಗೆ ಹೇಳದೆ ಹೋಗುತ್ತಾನೆ, ಅಷ್ಟೇ. ಅದರ ಬದಲು ಒಂದು ಪ್ರಶ್ನೆ ಕೇಳಿ. "ಮೇಲೆ ಹೋದೆ ಸರಿ, ಕೆಳಗೆ ಹೇಗೆ ಬಂದೆ?" ಆಗ ಅವನ ಮುಖ ನೋಡಿ. ಉತ್ತರ ಅಲ್ಲೇ ಇರುತ್ತದೆ.

ಹಂಪಿಯ ಗುಂಡುಗಳ ಸ್ವಭಾವವೇ ಹಾಗೆ. ಹತ್ತುವಾಗ ಕೈ ಹಿಡಿಯುವ ಜಾಗ ಕಣ್ಣೆದುರೇ ಇರುತ್ತದೆ. ಇಳಿಯುವಾಗ ಕಾಲಿಡುವ ಜಾಗ ಕಾಣೋದೇ ಇಲ್ಲ. ಬಂಡೆ ಹೊಟ್ಟೆ ಉಬ್ಬಿಸಿಕೊಂಡು ನಿಂತಿರುತ್ತದೆ. ಅದರ ಕೆಳಗೆ ಏನಿದೆ ಅಂತ ಮೇಲಿಂದ ಗೊತ್ತಾಗಲ್ಲ. ಹುಡುಗರು ಏನು ಮಾಡುತ್ತಾರೆ? ಬಂಡೆಗೆ ಬೆನ್ನು ಕೊಟ್ಟು ಕೂತು ಜಾರುತ್ತಾರೆ. ಅಲ್ಲೇ ಕಾಲು ಮುರಿಯೋದು. ಬಂಡೆಗೆ ಮುಖ ಮಾಡಿ, ಹತ್ತಿದ ಹಾಗೆಯೇ ಒಂದೊಂದು ಹೆಜ್ಜೆ ಇಳಿಯಬೇಕು. ನನ್ನ ಹತ್ತಿರ ಬರುವ ಮಕ್ಕಳಿಗೆ ಮೊದಲ ವಾರ ಪೂರ್ತಿ ಇದೇ ಪಾಠ. ಮಂಡಿ ಎತ್ತರದ ಕಲ್ಲಿನಿಂದ ಇಳಿಯೋದು, ಆಮೇಲೆ ಸೊಂಟದ ಎತ್ತರ, ಆಮೇಲೆ ತಲೆ ಎತ್ತರ. ಬೇಜಾರು ಅಂತ ಗೊಣಗುತ್ತಾರೆ. ಗೊಣಗಲಿ ಬಿಡಿ.

ಎರಡನೆಯದು ಸಿಪ್ಪೆ ಕಲ್ಲು. ಗ್ರಾನೈಟು ಬಿಸಿಲಿಗೆ, ಮಳೆಗೆ ಈರುಳ್ಳಿ ಹಾಗೆ ಪದರ ಬಿಡುತ್ತದೆ. ನೋಡೋಕೆ ಒಳ್ಳೆ ಹಿಡಿಕೆ, ಕೈ ಹಾಕಿ ಎಳೆದರೆ ಹಲಗೆಯೇ ಕಿತ್ತು ಬರುತ್ತದೆ. ಅದಕ್ಕೇ ಭಾರ ಹಾಕುವ ಮುಂಚೆ ಬೆರಳ ಗೆಣ್ಣಿನಿಂದ ಕುಟ್ಟಿ ನೋಡಬೇಕು. ಗಟ್ಟಿ ಕಲ್ಲಿಗೆ ಕುಟ್ಟಿದರೆ ಗೆಣ್ಣು ನೋಯುತ್ತದೆ, ಸದ್ದು ಬರಲ್ಲ. ಸಿಪ್ಪೆ ಎದ್ದ ಕಲ್ಲು ಡಬ್ ಡಬ್ ಅನ್ನುತ್ತದೆ. ಅಂಥದನ್ನು ಮುಟ್ಟಬಾರದು, ಅದರ ಕೆಳಗೆ ಯಾರೂ ನಿಲ್ಲಲೂಬಾರದು. ಇನ್ನು ಬಂಡೆಯ ನೆತ್ತಿಯ ಮೇಲೆ ಉದುರಿದ ಪುಡಿ ಕಾಳು ಇರುತ್ತದೆ, ಸಕ್ಕರೆ ಗಾತ್ರದ್ದು. ಚಪ್ಪಲಿ ಹಾಕಿಕೊಂಡು ಅದರ ಮೇಲೆ ಕಾಲಿಟ್ಟರೆ ಮುಗೀತು. ಫೋಟೊಗೆ ನಿಲ್ಲೋದು ಸರಿಯಾಗಿ ಅಲ್ಲೇ, ಅಲ್ವಾ?

ಕೈಬೆರಳಲ್ಲಿ ಉಂಗುರ ಇದ್ದರೆ ಬಿಚ್ಚಿಡಲು ಹೇಳಿ. ಉಂಗುರ ಸಂದಿಗೆ ಸಿಕ್ಕಿ ಮೈಭಾರ ಅದರ ಮೇಲೆ ಬಿದ್ದರೆ ಬೆರಳಿಗೇ ಸಂಚಕಾರ.

2022ರ ಫೆಬ್ರುವರಿಯಲ್ಲಿ ನಂದಿಬೆಟ್ಟದ ಪಕ್ಕದ ಬ್ರಹ್ಮಗಿರಿಯಲ್ಲಿ ಒಬ್ಬ ವಿದ್ಯಾರ್ಥಿ ಜಾರಿ ಸುಮಾರು 300 ಅಡಿ ಕೆಳಗೆ ಬಂಡೆಯ ಅಂಚಿನಲ್ಲಿ ಸಿಕ್ಕಿಕೊಂಡಿದ್ದ. ವಾಯುಪಡೆಯ ಹೆಲಿಕಾಪ್ಟರ್ ಬಂದು ಎತ್ತಬೇಕಾಯಿತು. ಅದೇ ತಿಂಗಳು ಕೇರಳದ ಮಲಂಪುಳದಲ್ಲಿ ಒಬ್ಬ ಯುವಕ ಎರಡು ದಿನ ಬೆಟ್ಟದ ಸಂದಿಯಲ್ಲಿ ಕೂತಿದ್ದ. ಸೈನ್ಯದವರು ಹಗ್ಗ ಬಿಟ್ಟು ಇಳಿದು ಕರೆತಂದರು. ಇಬ್ಬರೂ ಬದುಕಿದರು, ಪುಣ್ಯ. ಈ ಎರಡು ಸುದ್ದಿ ಮಗನಿಗೆ ಓದಲು ಕೊಡಿ. ನೀವು ಬಾಯಲ್ಲಿ ಹೇಳಿದರೆ "ಶುರುವಾಯ್ತು" ಅಂತಾನೆ.

ಮತ್ತೆ ಹೋಗಲಿ. ಆದರೆ ಕಲಿಸುವವರ ಜೊತೆ ಹೋಗಲಿ. ಒಂದು ದಿನ ಸರಿಯಾಗಿ ಕಲಿತರೆ, ಯಾವ ಗುಂಡು ತನ್ನ ಕೈಲಿ ಆಗಲ್ಲ ಅನ್ನೋದು ಅವನಿಗೇ ಗೊತ್ತಾಗುತ್ತದೆ.

ಪ್ರಶ್ನೆ: ಹಂಪಿಯಲ್ಲಿ ಒಂದರ ಮೇಲೊಂದು ಬಂಡೆ ಯಾರೋ ಜೋಡಿಸಿಟ್ಟ ಹಾಗೆ ಇವೆಯಲ್ಲ, ಹೇಗೆ ಬಂದವು? ನಾವು ಹತ್ತಿದರೆ ಉರುಳುವುದಿಲ್ಲವೇ?
— ನಿವೃತ್ತ ಬ್ಯಾಂಕ್ ನೌಕರರು, ಹುಬ್ಬಳ್ಳಿ

ಉತ್ತರ: ಯಾರೂ ಎತ್ತಿ ಇಟ್ಟಿದ್ದಲ್ಲ ಸರ್. ವಾಲಿ ಸುಗ್ರೀವರು ಜಗಳದಲ್ಲಿ ಎಸೆದಾಡಿದ್ದು ಅಂತ ನಮ್ಮೂರಲ್ಲಿ ಹೇಳುತ್ತಾರೆ, ಚಿಕ್ಕವಳಿದ್ದಾಗ ನಾನೂ ನಂಬಿದ್ದೆ. ಭೂವಿಜ್ಞಾನದವರು ಹೇಳೋದು ಬೇರೆ. ಇದು ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟು. ನೆಲದಾಳದಲ್ಲಿ ಕರಗಿದ್ದ ಕಲ್ಲು ತಣ್ಣಗಾಗಿ ಗಟ್ಟಿಯಾಯಿತು. ಮೇಲಿನ ನೆಲ ಸವೆಯುತ್ತಾ ಬಂದ ಹಾಗೆ ಭಾರ ಕಡಿಮೆಯಾಗಿ ಈ ಕಲ್ಲು ಉದ್ದಕ್ಕೆ, ಅಡ್ಡಕ್ಕೆ ಬಿರುಕು ಬಿಟ್ಟಿತು. ಬಿರುಕಿನೊಳಗೆ ನೀರು ಇಳಿಯಿತು. ನೀರಿಗೆ ಮೊದಲು ಸಿಕ್ಕೋದು ಮೂಲೆಗಳು. ಚೌಕದ ದಿಮ್ಮಿಗಳ ಮೂಲೆ ಕೊಳೆತು ಮಣ್ಣಾಗಿ, ನಡುವಿನ ಗಟ್ಟಿ ಗುಂಡು ಉಳಿಯಿತು. ಆಮೇಲೆ ಮಳೆ ಆ ಮಣ್ಣನ್ನು ತೊಳೆದುಕೊಂಡು ಹೋಯಿತು. ಅಂದರೆ ಮೇಲಿನ ಗುಂಡು ಎಲ್ಲಿಂದಲೋ ಬಂದು ಕೂತಿದ್ದಲ್ಲ. ಅದು ಮೊದಲಿನಿಂದಲೂ ಅಲ್ಲೇ ಇತ್ತು, ಸುತ್ತಲಿನದು ಹೋಯಿತು.

ದೊಡ್ಡ ಗುಂಡುಗಳು ನಮ್ಮ ನಿಮ್ಮ ಭಾರಕ್ಕೆ ಅಲ್ಲಾಡಲ್ಲ. ಆದರೆ ಅವುಗಳ ಸಂದಿಯಲ್ಲಿ ಸಿಕ್ಕಿಕೊಂಡಿರುವ ಕಡಾಯಿ ಗಾತ್ರದ ಕಲ್ಲುಗಳನ್ನು ನಂಬಬೇಡಿ. ಅವು ಕದಲುತ್ತವೆ. ಕೆಳಗೆ ನಿಂತವರ ಮೇಲೆ ಬೀಳುವುದು ಅವೇ.

ಹಾಗೇ ಕೆಲವು ಬಂಡೆಗಳ ಅಂಚಿನಲ್ಲಿ ಸಾಲಾಗಿ ಸಣ್ಣ ಚೌಕದ ಗುಂಡಿಗಳು ಕಾಣುತ್ತವೆ. ಅದು ವಿಜಯನಗರದ ಕಲ್ಲುಕುಟಿಗರು ಬೆಣೆ ಹಾಕಲು ಕೊರೆದದ್ದು. ಅರ್ಧ ಸೀಳಿ ಬಿಟ್ಟ ಬಂಡೆಗಳೂ ಇವೆ. ಕಾಲಿಡಲು ಬಹಳ ಅನುಕೂಲವಾದ ಗುಂಡಿಗಳವು. ಆದರೂ ಇಡಬೇಡಿ.

ಪ್ರಶ್ನೆ: ನಾವಿಬ್ಬರೂ ಬೆಂಗಳೂರಿನ ಜಿಮ್‌ನಲ್ಲಿ ಗೋಡೆ ಹತ್ತೋದು ಕಲಿಯುತ್ತಿದ್ದೇವೆ. ಈ ಚಳಿಗಾಲದಲ್ಲಿ ಹಂಪಿಯಲ್ಲಿ ಬೋಲ್ಡರಿಂಗ್ (ಹಗ್ಗ ಇಲ್ಲದೆ ಗುಂಡು ಹತ್ತೋದು) ಮಾಡುವ ಆಸೆ. ಎಲ್ಲಿ ಹತ್ತಬಹುದು, ಎಲ್ಲಿ ಬಾರದು? ಪೊಲೀಸರು ಹಿಡಿಯುತ್ತಾರಾ?
— ದಂಪತಿ, ಬೆಂಗಳೂರು

ಉತ್ತರ: ಮನುಷ್ಯರು ಕಟ್ಟಿದ್ದು, ಕೆತ್ತಿದ್ದು, ಬರೆದದ್ದು ಯಾವುದನ್ನೂ ಹತ್ತಬೇಡಿ. ಕೋಟೆ ಗೋಡೆ, ಮಂಟಪ, ಗೋಪುರ, ಮೂರ್ತಿ ಕೆತ್ತಿದ ಬಂಡೆ, ಯಾವುದೂ ಬೇಡ. ಹಂಪಿ 1986ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. 2019ರಲ್ಲಿ ಕೆಲವು ಹುಡುಗರು ಕಂಬ ಬೀಳಿಸುವ ವಿಡಿಯೊ ಹರಿದಾಡಿತ್ತಲ್ಲ, ಅವರಿಗೆ ಕೋರ್ಟು ತಲಾ 70,000 ರೂಪಾಯಿ ದಂಡ ಹಾಕಿ, ಆ ಕಂಬವನ್ನು ಅವರ ಕೈಲೇ ಎತ್ತಿ ನಿಲ್ಲಿಸಿತು. ನನಗೆ ಆ ಎರಡನೇ ಶಿಕ್ಷೆಯೇ ಜಾಸ್ತಿ ಇಷ್ಟವಾಯಿತು.

ಹತ್ತುವವರು ಹೋಗೋದು ನದಿಯ ಆಚೆಗೆ, ಕೊಪ್ಪಳ ಜಿಲ್ಲೆಯ ಕಡೆಗೆ. ಆನೆಗೊಂದಿ, ಸಾಣಾಪುರದ ಸುತ್ತಮುತ್ತ. ಮೊದಲು ವಿರೂಪಾಪುರ ಗಡ್ಡೆಯಲ್ಲಿ ಎಲ್ಲರೂ ಉಳಿಯುತ್ತಿದ್ದರು. 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಅಲ್ಲಿನ ರೆಸಾರ್ಟ್‌ಗಳನ್ನು ತೆರವು ಮಾಡಿದರು. ಅಮೆರಿಕದ ಕ್ರಿಸ್ ಶರ್ಮಾ 2000ದ ದಶಕದ ಶುರುವಿನಲ್ಲಿ ಇಲ್ಲಿ ಬಂದು ಹತ್ತಿದ ಮೇಲೆ ಹಂಪಿ ಹೆಸರು ಲೋಕಕ್ಕೆಲ್ಲ ಗೊತ್ತಾಯಿತು. ಅದಕ್ಕೂ ಮುಂಚೆ ನಮ್ಮೂರ ಕುರಿ ಕಾಯುವ ಹುಡುಗರು ಬರಿಗಾಲಲ್ಲಿ ಹತ್ತುತ್ತಿದ್ದರು. ಅವರ ವಿಡಿಯೊ ಯಾರೂ ಮಾಡಲಿಲ್ಲ.

ಆ ಕಡೆಯೂ ಎಲ್ಲ ಬಂಡೆ ಸರ್ಕಾರದ್ದಲ್ಲ. ಗದ್ದೆಯ ನಡುವೆ ಇರುವ ಗುಂಡು ಗದ್ದೆಯವರದ್ದು. ನಾಟಿ ಆದ ಗದ್ದೆಯ ಬದು ತುಳಿದುಕೊಂಡು, ಬೆನ್ನ ಮೇಲೆ ದಪ್ಪ ಹಾಸಿಗೆ ಹೊತ್ತು ಹೋದರೆ ಯಾರಿಗೆ ಖುಷಿ ಆಗುತ್ತದೆ? "ಅಣ್ಣಾ, ಆ ಕಲ್ಲು ಹತ್ತಬಹುದಾ?" ಅಂತ ಕೇಳಿ. ಬಹುತೇಕ ಹೂಂ ಅಂತಾರೆ, ಕೂತು ನೋಡುತ್ತಾರೆ, ನಡುನಡುವೆ ಸಲಹೆಯನ್ನೂ ಕೊಡುತ್ತಾರೆ. ಒಂದು ವೇಳೆ ಬೇಡ ಅಂದರೆ ಮುಂದಿನ ಬಂಡೆಗೆ ಹೋಗಿ, ಇಲ್ಲಿ ಬಂಡೆಗೇನು ಬರ.

ನವೆಂಬರಿನಿಂದ ಫೆಬ್ರುವರಿ ಒಳ್ಳೆ ಕಾಲ. ಆಗಲೂ ಹತ್ತು ಗಂಟೆಯ ಮೇಲೆ ಬಂಡೆ ಕಾಯುತ್ತದೆ, ಬೆರಳು ಬೆವರುತ್ತದೆ, ಹಿಡಿತ ಸಿಗಲ್ಲ. ಬೆಳಿಗ್ಗೆ ಬೇಗ ಹೋಗಿ, ಮಧ್ಯಾಹ್ನ ಮಲಗಿ, ನಾಲ್ಕರ ಮೇಲೆ ಮತ್ತೆ ಹೋಗಿ. ಆದರೆ ಕತ್ತಲಾಗುವ ಮುಂಚೆ ವಾಪಸ್ ಬನ್ನಿ. ಕರಡಿ, ಚಿರತೆ ಎರಡೂ ಈ ಗುಡ್ಡಗಳಲ್ಲಿವೆ. ದರೋಜಿಯ ಕರಡಿಧಾಮ ದೂರವೇನಲ್ಲ. ಬಂಡೆ ಸಂದಿಯೇ ಅವುಗಳ ಮನೆ.

ಬಿದ್ದರೆ ಪೆಟ್ಟಾಗದಿರಲು ಕೆಳಗೆ ಹಾಸುವ ದಪ್ಪ ಹಾಸಿಗೆ, ಕ್ರ್ಯಾಶ್ ಪ್ಯಾಡ್, ಬಾಡಿಗೆಗೆ ಸಿಗುತ್ತದೆ. ಬರೀ ಪ್ಯಾಡ್ ಸಾಲದು, ಕೆಳಗೆ ಒಬ್ಬರು ಕೈ ಚಾಚಿ ನಿಲ್ಲಬೇಕು. ಜಿಮ್‌ನಲ್ಲಿ ನೆಲವೆಲ್ಲ ಮೆತ್ತೆ. ಇಲ್ಲಿ ಪ್ಯಾಡಿನ ಅಂಚು ದಾಟಿದರೆ ಚೂಪು ಕಲ್ಲು. ಜಿಮ್‌ನ ಹಿಡಿಕೆಗೂ ಇದಕ್ಕೂ ಸಂಬಂಧವೇ ಇಲ್ಲ. ಹರಳು ಹರಳಾದ ಕಲ್ಲು, ಮೊದಲ ದಿನವೇ ಬೆರಳ ತುದಿ ಕೆಂಪಾಗಿ ಚುರುಗುಟ್ಟುತ್ತದೆ. ಎರಡನೇ ದಿನ ಸುಮ್ನೆ ಹರಿಗೋಲಲ್ಲಿ ಕೂತು ತಿರುಗಾಡಿ.

ತಲೆ ಎತ್ತಿ ಹೆಜ್ಜೇನು ಇದೆಯಾ ಅಂತ ನೋಡೋದು ಮರೆಯಬೇಡಿ. ಮುಂದಕ್ಕೆ ಚಾಚಿದ ಬಂಡೆಯ ಅಡಿಯಲ್ಲಿ ಕಪ್ಪಗೆ ಜೋತು ಬಿದ್ದಿರುತ್ತದೆ. ಇದ್ದರೆ ಆ ಬಂಡೆ ಆ ವರ್ಷ ಅವುಗಳದ್ದು.

ಪ್ರಶ್ನೆ: ಹಂಪಿಯಲ್ಲಿ ಎಲ್ಲಿ ನೋಡಿದರೂ ಬಂಡೆಗಳ ಮೇಲೆ ಬಿಳಿ ಪುಡಿಯ ಗುರುತು. ನಮ್ಮ ಮಕ್ಕಳು ಕಲ್ಲಿನ ಮೇಲೆ ಹೆಸರು ಬರೆದರೆ ತಪ್ಪು, ಈ ಬಂಡೆ ಹತ್ತುವವರು ಬಳಿದರೆ ಕ್ರೀಡೆ. ಇದು ಯಾವ ನ್ಯಾಯ?
— ಶಾಲಾ ಶಿಕ್ಷಕರು, ಹೊಸಪೇಟೆ

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ ಮೇಷ್ಟ್ರೇ. ಅದು ಮೆಗ್ನೀಸಿಯಂ ಕಾರ್ಬೊನೇಟ್ ಪುಡಿ, ಕೈ ಬೆವರು ಹೀರಲು ಹಾಕಿಕೊಳ್ಳೋದು. ಬಯಲಲ್ಲಿರುವ ಬಂಡೆಯ ಮೇಲಿನದು ಮಳೆಗೆ ತೊಳೆದು ಹೋಗುತ್ತದೆ. ಮುಂಚಾಚಿನ ಕೆಳಗಿನದು ಹೋಗಲ್ಲ, ಅಲ್ಲಿಗೆ ಮಳೆ ತಲುಪಲ್ಲವಲ್ಲ. ಹತ್ತಿ ಮುಗಿದ ಮೇಲೆ ಮೆತ್ತನೆ ಬ್ರಷ್‌ನಿಂದ ಉಜ್ಜಿ ತೆಗೆಯಬೇಕು ಅನ್ನೋದು ಹತ್ತುವವರ ನಡುವೆ ಇರುವ ಕಟ್ಟಳೆ. ಅರ್ಧ ಜನ ಮಾಡುತ್ತಾರೆ, ಅರ್ಧ ಜನ ಚಹಾ ಕುಡಿಯಲು ಹೋಗುತ್ತಾರೆ. ನಮ್ಮ ಮಕ್ಕಳ ಚೀಲದಲ್ಲಿ ಪುಡಿಗಿಂತ ಮೊದಲು ಬ್ರಷ್ ಇದೆಯಾ ಅಂತ ನೋಡುತ್ತೇನೆ. ತಂತಿ ಬ್ರಷ್ ತಂದರೆ ಕಿತ್ತಿಟ್ಟುಕೊಳ್ಳುತ್ತೇನೆ, ಅದು ಕಲ್ಲನ್ನೇ ಕೆರೆಯುತ್ತದೆ.

ನನಗೆ ಇದಕ್ಕಿಂತ ದೊಡ್ಡ ಚಿಂತೆ ಬೇರೆ ಇದೆ. ಆನೆಗೊಂದಿ ಹತ್ತಿರದ ಒನಕೆ ಕಿಂಡಿಯಲ್ಲಿ ಇತಿಹಾಸಪೂರ್ವ ಕಾಲದ ಚಿತ್ರಗಳಿವೆ. ಬಾದಾಮಿಯ ಸಿಡಿಲಫಡಿಯಲ್ಲೂ ಇವೆ. ಕಣ್ಣಿಗೆ ಸಲೀಸಾಗಿ ಕಾಣಲ್ಲ, ಮಾಸಿದ ಕೆಂಪು ಗೆರೆ ಅಷ್ಟೇ. ಅಂಥ ಕಡೆ ಪುಡಿ ಮೆತ್ತಿದ ಕೈ ಇಟ್ಟರೂ ಒಂದೇ, ಸೀಮೆಸುಣ್ಣದಲ್ಲಿ ಹೆಸರು ಗೀಚಿದರೂ ಒಂದೇ. ಅಲ್ಲಿ ನಾನು ನಿಮ್ಮ ಪಕ್ಷ.

ಪ್ರಶ್ನೆ: ಬಾದಾಮಿ ಬಂಡೆ ಹಂಪಿಗಿಂತ ಸುಲಭವೇ? ಗಣೇಶ ಹಬ್ಬದ ರಜೆಯಲ್ಲಿ ಗೆಳೆಯರೆಲ್ಲ ಹೋಗಬೇಕೆಂದಿದ್ದೇವೆ.
— ವಿಜಯಪುರದ ಯುವಕರು

ಉತ್ತರ: ಆ ರಜೆಯಲ್ಲಿ ಬೇಡ ತಮ್ಮಾ, ಮಳೆಗಾಲ ಮುಗಿದಿರಲ್ಲ. ಬಾದಾಮಿಯದು ಮರಳುಗಲ್ಲು. ಒಣಗಿದ್ದಾಗ ಹಂಪಿಯ ಗ್ರಾನೈಟಿನಷ್ಟು ಬೆರಳು ಕೀಳಲ್ಲ, ಅಡ್ಡ ಪಟ್ಟಿ, ಗೂಡು, ಕಿಂಡಿ ಎಲ್ಲ ಇದ್ದು ಕೈಗೆ ಚೆನ್ನಾಗಿ ಸಿಗುತ್ತದೆ. ನೆನೆದರೆ ಕಥೆ ಬೇರೆ. ಮರಳುಗಲ್ಲು ನೀರು ಹೀರುತ್ತದೆ, ಹೀರಿದಾಗ ಬಲ ಕಳೆದುಕೊಳ್ಳುತ್ತದೆ. ಹೊರಗೆ ಒಣಗಿದ ಹಾಗೆ ಕಂಡರೂ ಒಳಗೆ ಹಸಿ ಇರುತ್ತದೆ. ನಿಮ್ಮ ಕೈಯಲ್ಲಿರುವ ಹಿಡಿಕೆ ಮುರಿಯಿತು ಅಂದರೆ ನೀವು ಬೀಳೋದು ಒಂದು. ಮುಂದೆ ಬರುವ ಎಲ್ಲರಿಗೂ ಆ ಹಿಡಿಕೆ ಹೋಯಿತು ಅನ್ನೋದು ಇನ್ನೊಂದು. ದೊಡ್ಡ ಮಳೆಯಾದ ಮೇಲೆ ಎರಡು ಮೂರು ದಿನ ಒಳ್ಳೆ ಬಿಸಿಲು ಬೀಳಲಿ.

ಬಾದಾಮಿಯಲ್ಲಿ ಹೆಚ್ಚಾಗಿ ಹಗ್ಗ ಕಟ್ಟಿ ಹತ್ತುತ್ತಾರೆ, ಕಲ್ಲಿಗೆ ಬೋಲ್ಟ್ ಹೊಡೆದ ದಾರಿಗಳಿವೆ. 'ಗಣೇಶ' ಅಂತಲೇ ಒಂದು ದಾರಿ ಇದೆ, ಫ್ರಾನ್ಸಿನ ಅಲೆಕ್ಸ್ ಶಾಬೋ ಮೊದಲು ಹತ್ತಿದ್ದು. ದೇಶದ ತೀರಾ ಕಷ್ಟದ ದಾರಿಗಳಲ್ಲಿ ಅದೂ ಒಂದು. ನೋಡಲು ಹೋಗಿ, ಕತ್ತು ನೋಯುತ್ತದೆ. ಹಗ್ಗ, ಹಾರ್ನೆಸ್ (ಸೊಂಟಕ್ಕೆ ಕಟ್ಟುವ ಪಟ್ಟಿ), ಬಿಲೇ (ಹತ್ತುವವರ ಹಗ್ಗ ಹಿಡಿದು ಕಾಯೋದು) ಗೊತ್ತಿರುವವರು ಜೊತೆಗಿಲ್ಲದೆ ಆ ಬೋಲ್ಟ್‌ಗಳ ಹತ್ತಿರ ಹೋಗಬೇಡಿ.

ಇನ್ನು ಬಾದಾಮಿಯಲ್ಲಿ ಬಂಡೆ ಅಂದರೆ ಬರೀ ಬಂಡೆ ಅಲ್ಲ. ಒಂದನೇ ಪುಲಕೇಶಿ ಈ ಕೋಟೆ ಕಟ್ಟಿಸಿದ್ದನ್ನು ಹೇಳುವ ಶಾಸನ ಬಡಗಣ ಕೋಟೆಯ ಕಡೆ ಒಂದು ಗುಂಡಿನ ಮೇಲಿದೆ, ಶಕ 465, ಅಂದರೆ ಕ್ರಿ.ಶ. 543ರದ್ದು. ಕಪ್ಪೆ ಅರಭಟ್ಟನ ಶಾಸನವೂ ಕೆರೆಯ ಆಚೆ ಬಂಡೆಯ ಮೈಮೇಲೇ ಇದೆ. "ಸಾಧುಗೆ ಸಾಧು, ಮಾಧುರ್ಯಂಗೆ ಮಾಧುರ್ಯಂ" ಅಂತ ಶಾಲೆಯಲ್ಲಿ ಓದಿದ್ದೀರಲ್ಲ, ಅದೇ. ಕಾಗದದಲ್ಲಿ ಬರೆದದ್ದಲ್ಲ, ನೀವು ಹತ್ತಲು ಹೊರಟಿರುವ ಇಂಥದೇ ಕಲ್ಲಿನಲ್ಲಿ ಬರೆದದ್ದು. ಹತ್ತುವ ಮುಂಚೆ ಕಲ್ಲನ್ನು ಒಂದು ಸುತ್ತು ಬಂದು ನೋಡಿ ಅನ್ನೋದು ಅದಕ್ಕೇ.

ತಿಂಡಿ ಚೀಲದ ಜಿಪ್ ಹಾಕಿಡಿ. ಬಾದಾಮಿ ಕೋತಿಗಳಿಗೆ ನಿಮಗಿಂತ ಚೆನ್ನಾಗಿ ಹತ್ತಲು ಬರುತ್ತದೆ.

ಪ್ರಶ್ನೆ: ಚಿತ್ರದುರ್ಗದ ಜ್ಯೋತಿರಾಜ್ ಅವರು ಹಗ್ಗ ಇಲ್ಲದೆ ಕೋಟೆ ಹತ್ತೋದು ನೋಡಿ ನನಗೂ ಕಲಿಯುವ ಆಸೆ. ಎಲ್ಲಿಂದ ಶುರು ಮಾಡಲಿ?
— ಪಿಯುಸಿ ವಿದ್ಯಾರ್ಥಿ, ಹಾವೇರಿ

ಉತ್ತರ: ಹಗ್ಗದಿಂದ ಶುರು ಮಾಡು. ಜ್ಯೋತಿರಾಜ್ ವರ್ಷಗಟ್ಟಲೆ ಅದೇ ಗೋಡೆಗಳ ಮೇಲೆ ಕೈ ಪಳಗಿಸಿದವರು. ನೀನು ನೋಡಿದ್ದು ಮೂರು ನಿಮಿಷದ ವಿಡಿಯೊ. ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ನಡೆಸುವ ತರಬೇತಿಗಳನ್ನು ವಿಚಾರಿಸು. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಹತ್ತುವ ಗೋಡೆ ಇದೆ. ಟೋಕಿಯೊದಿಂದ ಇದು ಒಲಿಂಪಿಕ್ ಆಟವೂ ಹೌದು, ಮನೆಯಲ್ಲಿ ಒಪ್ಪಿಸಲು ಈ ಮಾತು ಉಪಯೋಗಕ್ಕೆ ಬರಬಹುದು. ಕೋಟೆ ಗೋಡೆ ಮಾತ್ರ ಮುಟ್ಟಬೇಡ.

ಪ್ರಶ್ನೆ: ಆಸ್ಟ್ರೇಲಿಯಾದಲ್ಲಿ ಉಲುರು ಬಂಡೆ ಹತ್ತೋದನ್ನು ಪೂರ್ತಿ ನಿಲ್ಲಿಸಿದ್ದಾರೆ. ನಮ್ಮಲ್ಲಿ ಅಂಜನಾದ್ರಿಗೆ ದಿನಾ ಸಾವಿರಾರು ಜನ ಹತ್ತುತ್ತಾರೆ. ಪವಿತ್ರ ಅಂದ ಮೇಲೆ ಇಲ್ಲೂ ನಿಲ್ಲಿಸಬೇಕಲ್ಲವೇ?
— ಸಿಡ್ನಿಯಲ್ಲಿರುವ ಕನ್ನಡಿಗರು

ಉತ್ತರ: ಎರಡೂ ಒಂದೇ ಅಲ್ಲ. ಉಲುರು ಅಲ್ಲಿನ ಅನಂಗು ಜನರದ್ದು. ಹತ್ತಬೇಡಿ ಅಂತ ಅವರು ಎಷ್ಟೋ ವರ್ಷ ಬೋರ್ಡ್ ಹಾಕಿ ಕೇಳಿಕೊಂಡರು, ಜನ ಅದರ ಪಕ್ಕದಲ್ಲೇ ಸರಪಳಿ ಹಿಡಿದು ಹತ್ತಿದರು. 1985ರ ಅಕ್ಟೋಬರ್ 26ರಂದು ಆ ನೆಲ ಅವರಿಗೆ ವಾಪಸ್ ಸಿಕ್ಕಿತ್ತು, 2019ರಲ್ಲಿ ಅದೇ ತಾರೀಖಿನಂದು ಹತ್ತೋದು ಬಂದ್ ಆಯಿತು. ಅಂಜನಾದ್ರಿಯಲ್ಲಿ ಹತ್ತೋದೇ ಸೇವೆ. 575 ಮೆಟ್ಟಿಲು ಕಟ್ಟಿರೋದೇ ಹತ್ತಲಿ ಅಂತ. ಮೆಟ್ಟಿಲು ಬಿಟ್ಟು ಪಕ್ಕದ ಬಂಡೆಗೆ ಹಾರಿ ರೀಲ್ಸ್ ಮಾಡುವವರನ್ನು ತಡೆಯಬೇಕು ಅಂದರೆ ನಾನೂ ಕೈ ಎತ್ತುತ್ತೇನೆ. ಆದರೆ ನೀವು ಅಷ್ಟು ದೂರದಲ್ಲಿ ಕೂತು ಅಂಜನಾದ್ರಿ ಬಗ್ಗೆ ಯೋಚಿಸಿದ್ದು ಸಂತೋಷ. ಊರಿಗೆ ಬಂದಾಗ ಬನ್ನಿ.

ಪ್ರಶ್ನೆ: ಯಾರಾದರೂ ಬಂಡೆಯಿಂದ ಬಿದ್ದರೆ ಮೊದಲು ಏನು ಮಾಡಬೇಕು?
— ಪ್ರವಾಸಿ ವಾಹನ ಚಾಲಕರು, ಬಳ್ಳಾರಿ

ಉತ್ತರ: ಎತ್ತಿ ಕೂರಿಸಬೇಡಿ. ನಮ್ಮ ಜನ ಮೊದಲು ಮಾಡೋದೇ ಅದು, ಎತ್ತಿ ಕೂರಿಸಿ ನೀರು ಕುಡಿಸೋದು. ಕುತ್ತಿಗೆ, ಬೆನ್ನುಹುರಿಗೆ ಪೆಟ್ಟಾಗಿದ್ದರೆ ಆ ಎತ್ತುವಿಕೆಯೇ ಕೆಡಿಸುತ್ತದೆ. ತಲೆ ಅಲ್ಲಾಡದ ಹಾಗೆ ಎರಡೂ ಕಡೆ ಕೈ ಹಿಡಿದು ಒಬ್ಬರು ಕೂರಲಿ. ರಕ್ತ ಬರುತ್ತಿದ್ದರೆ ಬಟ್ಟೆ ಒತ್ತಿ ಹಿಡಿಯಿರಿ. 108ಕ್ಕೆ ಫೋನ್ ಮಾಡಿ, ಬಂಡೆ ನಡುವೆ ಸಿಕ್ಕಿಕೊಂಡಿದ್ದರೆ 112ಕ್ಕೂ ಮಾಡಿ. ಒಬ್ಬರನ್ನು ರಸ್ತೆಗೆ ಓಡಿಸಿ, ಆಂಬುಲೆನ್ಸಿಗೆ ದಾರಿ ತೋರಿಸಲು. ಈ ಗುಡ್ಡಗಳಲ್ಲಿ "ದೊಡ್ಡ ಬಂಡೆ ಹತ್ತಿರ" ಅಂದರೆ ಯಾರಿಗೂ ಏನೂ ಗೊತ್ತಾಗಲ್ಲ, ಎಲ್ಲವೂ ದೊಡ್ಡ ಬಂಡೆಯೇ. ಫೋನಿನಿಂದ ಲೊಕೇಶನ್ ಕಳಿಸಿ.

ಪ್ರಶ್ನೆ: ನನಗೆ 62. ಸೂರ್ಯೋದಯಕ್ಕೆ ಮಾತಂಗ ಬೆಟ್ಟ ಹತ್ತಬೇಕೆಂದು ಬಹಳ ದಿನದ ಆಸೆ. ಮಕ್ಕಳು ಬೇಡ ಅನ್ನುತ್ತಾರೆ.
— ಗೃಹಿಣಿ, ತುಮಕೂರು

ಉತ್ತರ: ಹತ್ತಿ ಅಮ್ಮಾ. ಕಲ್ಲಿನ ಮೆಟ್ಟಿಲಿದೆ, ಕೆಲವು ಕಡೆ ಮಾತ್ರ ಬಂಡೆಯ ಮೇಲೆ ನಡೆಯಬೇಕು. ಮೇಲೆ ವೀರಭದ್ರ ದೇವರ ಗುಡಿ ಇದೆ. ಒಬ್ಬರೇ ಹೋಗಬೇಡಿ, ಕತ್ತಲಲ್ಲಂತೂ ಬೇಡವೇ ಬೇಡ. ಊರಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ, ಟಾರ್ಚ್ ಇಟ್ಟುಕೊಳ್ಳಿ. ಸೀರೆ ಉಟ್ಟರೆ ನೆರಿಗೆ ಮೇಲಕ್ಕೆ ಸಿಕ್ಕಿಸಿ. ಮಂಡಿ ನೋವಿದ್ದರೆ ಕೋಲು ಬೇಕಾಗೋದು ಇಳಿಯುವಾಗ. ಮೊದಲ ದಿನ ಸಂಜೆ ಹೇಮಕೂಟ ಹತ್ತಿ ನೋಡಿ, ಅದು ತಗ್ಗು, ಸುಲಭ. ಅಲ್ಲಿಂದ ಇಳಿದ ಮಾರನೇ ಬೆಳಿಗ್ಗೆ ಮಂಡಿ ಏನೂ ತಕರಾರು ಮಾಡಲಿಲ್ಲ ಅಂದರೆ ಮಾತಂಗಕ್ಕೆ ಹೊರಡಿ. ಮಕ್ಕಳಿಗೆ ಮೇಲೆ ಹೋದ ಮೇಲೆ ಫೋನ್ ಮಾಡಿದರಾಯಿತು.